ಹೊಂಬಾಳಯ್ಯನ ಪುರಿಮೀನು

ಹೊಂಬಾಳಯ್ಯ ಮೀನಿನ ಮುಂದೆ ಕುಳಿತನೆಂದರೆ ಮೊದಲು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಸ್ಟೀಲಿನ ತಟ್ಟೆಯಲ್ಲಿ ಚರ್ಮ ಸುಲಿದ ಕಾಟ್ಲಾ ಮೀನಿನ ಉದ್ದನೆಯ ಹೋಳು ಮಲಗಿರುತ್ತಿತ್ತು. ಅದರ ಮೇಲೆ ಅವನ ಬಲಗೈಯ ಎರಡು ಬೆರಳುಗಳು ಬಾಲದ ಕಡೆಯಿಂದ ತಲೆಯ ಕಡೆಗೆ ಇರುವೆ ನಡೆದಷ್ಟು ನಿಧಾನವಾಗಿ ಸರಿಯುತ್ತಿದ್ದವು. ಎಲ್ಲೋ ಒಂದು ಕಡೆ ತಟಕ್ಕನೆ ನಿಲ್ಲುತ್ತಿದ್ದವು. ಅಲ್ಲಿ ಎಡಗೈಯ ಹೆಬ್ಬೆರಳಿನಿಂದ ಒತ್ತಿ, ಚಿಮಟದಲ್ಲಿ ಹಿಡಿದು ಎಳೆದರೆ, ಕವೆಯ ಆಕಾರದ ತೆಳ್ಳನೆಯ ಮುಳ್ಳೊಂದು ಸದ್ದಿಲ್ಲದೆ ಹೊರಬರುತ್ತಿತ್ತು. ಅದನ್ನು ತಟ್ಟೆಯ ಅಂಚಿಗೆ ಒರೆಸಿ ಮತ್ತೆ ಬಾಲದಿಂದ ಆರಂಭಿಸುತ್ತಿದ್ದ. ಒಂದು ಹೋಳಿಗೆ ಮುಕ್ಕಾಲು ಗಂಟೆ.

“ಕಣ್ ಬುಟ್ಕೊಂಡು ಮಾಡಬಾರ್ದೇನಯ್ಯ?” ಎಂದು ಅದೇ ಬೀದಿಯವನಾದ ನಾನು ಒಮ್ಮೆ ಕೇಳಿದ್ದೆ.

“ಕಣ್ ಬುಟ್ಕೊಂಡಿದ್ರೆ ಬೆರ್ಳು ಸೋಮಾರಿ ಆಯ್ತದೆ ಕಣಪ್ಪ. ಅವ್ನು ನೋಡ್ಕೊತಾನೆ ಬುಡು ಅಂತ ಸುಮ್ಕಾಗ್ಬುಡ್ತದೆ” ಎಂದಿದ್ದ.

ಅವು ಸಾಮಾನ್ಯ ಬೆರಳುಗಳಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ರಾಮನಗರದ ಒಂದು ಫಿಲೇಚರಿನಲ್ಲಿ, ಅಂದರೆ ರೇಷ್ಮೆ ನೂಲು ತೆಗೆಯುವ ಕಾರ್ಖಾನೆಯಲ್ಲಿ, ಕುದಿಯುವುದಕ್ಕೆ ಸ್ವಲ್ಪವೇ ಕಡಿಮೆಯಿರುವ ನೀರಿನ ತೊಟ್ಟಿಯೊಳಗೆ ತೇಲುವ ರೇಷ್ಮೆಗೂಡುಗಳಿಂದ ಎಳೆಯ ತುದಿಯನ್ನು ಹುಡುಕಿ ಹುಡುಕಿ ರಾಟೆಗೆ ಕೊಟ್ಟ ಬೆರಳುಗಳು. ತುದಿಗಳು ಬಿಳಿಚಿ, ನೆನೆದ ಅವರೆಕಾಳಿನ ಸಿಪ್ಪೆಯಂತೆ ಸುಕ್ಕುಗಟ್ಟಿದ್ದವು; ಗೆರೆಗಳು ಅಳಿಸಿಹೋಗಿದ್ದವು. ಪಡಿತರದ ಅಂಗಡಿಯ ಯಂತ್ರ ಅವನ ಹೆಬ್ಬೆಟ್ಟನ್ನು ಒಂದು ಸಲವೂ ಒಪ್ಪಿಕೊಳ್ಳಲಿಲ್ಲ. “ಮಿಷನ್ ಲೆಕ್ಕದಲ್ಲಿ ನಾನು ಹುಟ್ಟೇ ಇಲ್ಲ ಕಣಪ್ಪ. ಅವಳ ಹೆಬ್ಬೆಟ್ಟು ಒತ್ತಿದ್ರೇನೇ ನಂಗೆ ಅನ್ನ” ಎಂದು ಹೆಂಡತಿ ತಾಯಮ್ಮನ ಕಡೆಗೆ ಕೈ ತೋರಿಸಿ ನಗುತ್ತಿದ್ದ. ಇಂಥ ಕೈಗಳಿಗೆ ಸ್ಪರ್ಶಜ್ಞಾನವೇ ಇರುವುದಿಲ್ಲವೆಂದು ಊರಿನಲ್ಲಿ ಹೇಳುವುದುಂಟು. ನಾನು ಪಕ್ಕದಲ್ಲಿ ಕುಳಿತು ನೋಡಿದವನು. ಆ ಮಾತನ್ನು ಒಪ್ಪುವುದಿಲ್ಲ. ಬಿಸಿ ತಿಳಿಯುತ್ತಿರಲಿಲ್ಲ, ನಿಜ. ಆದರೆ ನನ್ನ ಬೆರಳಿಗೆ ಬರೀ ನುಣುಪಾದ ಮಾಂಸವೆಂದು ತೋರುವಲ್ಲಿ ಅವನ ಬೆರಳು ನಿಂತುಬಿಡುತ್ತಿತ್ತು, ಮತ್ತು ಅಲ್ಲಿ ಮುಳ್ಳಿರುತ್ತಿತ್ತು.

ಅವನು ತೀರಿಕೊಂಡ ಮೇಲೆ ಪುರಿಮೀನೆಂಬ ಈ ಅಡಿಗೆಯ ಮೂಲದ ಬಗ್ಗೆ ಹಲವು ಕಥೆಗಳು ಹುಟ್ಟಿಕೊಂಡಿವೆ. ಬಿಡದಿಯ ಕಡೆಯ ದೊಡ್ಡ ಹೋಟೆಲಿನ ಭಟ್ಟನೊಬ್ಬ ಹೇಳಿಕೊಟ್ಟನೆಂದು ನಮ್ಮ ಬೀದಿಯವರು ಹೇಳುತ್ತಾರೆ. ಮೊಬೈಲಿನಲ್ಲಿ ನೋಡಿ ಕಲಿತನೆಂದು ಚನ್ನಪಟ್ಟಣದ ಅವನ ನೆಂಟರು ವಾದಿಸುತ್ತಾರೆ. ಹೊಂಬಾಳಯ್ಯನಿಗೆ ಓದು ಬಾರದು. ಅವನ ಬಳಿ ಇದ್ದದ್ದು ಗುಂಡಿ ಒತ್ತುವ ಹಳೆಯ ಫೋನು. ನಾನು ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟು, ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತ ಓದು ಕಲಿತವನು. ಅಚ್ಚಾದದ್ದನ್ನೇ ಎರಡು ಸಲ ನೋಡುವ ಅಭ್ಯಾಸವಿರುವವನಿಗೆ ಬಾಯಿಂದ ಬಾಯಿಗೆ ಬಂದದ್ದು ಎಷ್ಟರ ಮಟ್ಟಿನದು? ನಡೆದದ್ದನ್ನು ನಡೆದಂತೆ ಬರೆದಿಡುತ್ತೇನೆ.

ಮೂರು ವರ್ಷಗಳ ಹಿಂದೆ ತಾಯಮ್ಮನಿಗೆ ಪಾರ್ಶ್ವವಾಯು ಹೊಡೆಯಿತು. ಎಡಗೈ, ಎಡಗಾಲು, ಮುಖದ ಎಡಭಾಗ ಸ್ವಾಧೀನ ತಪ್ಪಿದವು. ಆಸ್ಪತ್ರೆಯಿಂದ ಮನೆಗೆ ಕಳುಹಿಸುವಾಗ ಹೇಳಿದರು: ಬಾಯಿಯ ಎಡಗಡೆಗೆ ಸ್ಪರ್ಶವಿಲ್ಲ, ಆ ಬದಿಯಲ್ಲಿ ಅಗಿಯಬಾರದು, ಮೆತ್ತಗಿನದನ್ನೇ ಕೊಡಿ, ಮುಳ್ಳು, ಮೂಳೆ ದೂರವಿಡಿ. ಹೊಂಬಾಳಯ್ಯ ಅಕ್ಷರಶಃ ಪಾಲಿಸಿದ. ರಾಗಿ ಗಂಜಿ, ಹೆಸರುಬೇಳೆ ಗಂಜಿ, ಹಾಲು ಕಲಸಿದ ಅನ್ನ. ಪ್ರತಿ ಊಟದ ನಂತರ ತನ್ನ ಬೆರಳನ್ನು ಆಕೆಯ ಎಡಗೆನ್ನೆಯೊಳಗೆ ಹಾಕಿ, ಅಲ್ಲಿ ಆಕೆಗೆ ತಿಳಿಯದೆ ಉಳಿದ ಅಗುಳನ್ನು ತೆಗೆಯುತ್ತಿದ್ದ. ಒಂದು ತಿಂಗಳು ಆಕೆ ಸಹಿಸಿದಳು. ಆಮೇಲೆ ಬಾಯಿ ತೆರೆಯುವುದನ್ನೇ ನಿಲ್ಲಿಸಿದಳು.

“ಬಾಯಿ ತೆಗಿಯಮ್ಮಿ, ಒಂದೇ ಒಂದ್ ಚಮಚ” ಎಂದು ಅವನು ಗೋಗರೆಯುತ್ತಿದ್ದ.

“ಗೋಡೆಗೆ ಬಳಿ ಓಗು ಅದ್ನ” ಎಂದು ಆಕೆ ತೊದಲು ನಾಲಿಗೆಯಲ್ಲೇ ಬಯ್ಯುತ್ತಿದ್ದಳು.

ಆಕೆಯ ಕೈಬಳೆ ಮೊಣಕೈಯವರೆಗೆ ಜಾರುವಷ್ಟು ಸೊರಗಿದಳು. ಮುಂದಿನ ತಪಾಸಣೆಯ ಹೊತ್ತಿಗೂ ಹೀಗೇ ಇದ್ದರೆ ಮೂಗಿನ ಮೂಲಕ ನಳಿಗೆ ಇಳಿಸಿ ಆಹಾರ ಕೊಡಬೇಕಾಗುತ್ತದೆಂದು ವೈದ್ಯರು ತಿಳಿಸಿದರು. ನಡುವೆ ಇದ್ದದ್ದು ಮೂರು ವಾರ. ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯವರಿಗೆ ಅಂಥ ನಳಿಗೆ ಇತ್ತು. ಹೊಂಬಾಳಯ್ಯ ಅದನ್ನು ನೋಡಿದ್ದ. ಅಂದು ಸಂಜೆ ನಮ್ಮ ಜಗಲಿಗೆ ಬಂದು ಕುಳಿತ. ಎದ್ದು ಹೊರಡುವಾಗ, “ಅವಳ್ಗೆ ಮೀನು ಅಂದ್ರೆ ಪ್ರಾಣ ಕಣಪ್ಪ. ಮೀನು ಮಾಡ್ತೀನಿ” ಎಂದ.

“ಮುಳ್ಳು?”

“ಮುಳ್ ತೆಗೀತೀನಿ.”

ಕಾಟ್ಲಾ ಮೀನಿನ ಮುಳ್ಳನ್ನು ಕಂಡವರಿಗೆ ಆ ಮಾತಿನ ಧೈರ್ಯ ಅರ್ಥವಾಗುತ್ತದೆ. ಮರುದಿನ ನಾವಿಬ್ಬರೂ ಬಸ್ಸು ಹಿಡಿದು ಕಣ್ವ ಜಲಾಶಯದ ಹತ್ತಿರ ಮೀನು ಮಾರುವ ಸಿದ್ದರಾಜುವಿನ ಬಳಿಗೆ ಹೋದೆವು. ಅವನು ವಾಡಿಕೆಯಂತೆ ಅಡ್ಡಡ್ಡ ತುಂಡರಿಸಲು ಕತ್ತಿಯೆತ್ತಿದ. ಹೊಂಬಾಳಯ್ಯ ಅವನ ಕೈ ಹಿಡಿದ.

“ಅಡ್ಡಕ್ ಬ್ಯಾಡ ಕಣ್ಲಾ. ಬೆನ್ನೆಲುಬಿನ ಪಕ್ಕದಾಗೇ ಉದ್ದಕ್ ಸೀಳು. ಆ ಕಡೆ ಒಂದು, ಈ ಕಡೆ ಒಂದು. ಆಮ್ಯಾಕೆ ತೊಗ್ಲು ಸುಲಿ.”

“ಇದೇನಣ್ಣೋ, ಮೀನ್ ಕೊಯ್ಸಾಕೆ ಬಂದಿದ್ದೀಯೋ, ಆಪರೇಸನ್ ಮಾಡ್ಸಾಕೋ? ಜಿಲೇಬಿ ಮೀನ್ ಕೊಡ್ತೀನಿ, ಒಸಿ ಮುಳ್ಳು ಕಮ್ಮಿ.”

“ಜಿಲೇಬಿ ಅವಳ್ಗೆ ಸೇರಾಕಿಲ್ಲ. ನೀನು ಸೀಳು.”

ಸಿದ್ದರಾಜು ಸೀಳಿದ, ಅರ್ಧ ಮಾಂಸ ಬೆನ್ನೆಲುಬಿಗೇ ಅಂಟಿಕೊಂಡು ಹೋಯಿತು. ಎರಡನೆಯ ಸಲದಿಂದ ಹೊಂಬಾಳಯ್ಯ ಇಡೀ ಮೀನನ್ನೇ ತಂದು, ಮನೆಯಲ್ಲಿ ತಾನೇ ಸೀಳತೊಡಗಿದ. ಆಗಲೇ ನಾನು ಆರಂಭದಲ್ಲಿ ವರ್ಣಿಸಿದ ಆ ಕಣ್ಣು ಮುಚ್ಚಿದ ಕೆಲಸ ಶುರುವಾದದ್ದು. ಶನಿವಾರ ಮಾತ್ರ ಮೀನು ಮುಟ್ಟುತ್ತಿರಲಿಲ್ಲ. ಅಂದು ಕೆಂಗಲ್ಲಿಗೆ ಹೋಗಿ ಆಂಜನೇಯನಿಗೆ ಕೈಮುಗಿದು ಬರುತ್ತಿದ್ದ.

ಮುಳ್ಳು ತೆಗೆದ ಮೀನನ್ನು ಮೊದಲ ದಿನ ಬೇಯಿಸಿ ಹಿಸುಕಿ ಕೊಟ್ಟ. ತಾಯಮ್ಮ ನಾಲಿಗೆಯ ತುದಿಯಲ್ಲಿ ಮುಟ್ಟಿ, “ಇದೂ ಗಂಜಿನೇಯ” ಎಂದು ಮುಖ ತಿರುಗಿಸಿದಳು. ಎರಡನೆಯ ದಿನ, ನಮ್ಮ ಕಡೆ ಎಲ್ಲರೂ ಮಾಡುವಂತೆ ಬಾಂಬೆ ರವೆಯಲ್ಲಿ ಹೊರಳಿಸಿ ಕಾವಲಿಯ ಮೇಲೆ ಕರಿದ. ಬಣ್ಣ ಚೆನ್ನಾಗಿ ಬಂತು. ಆದರೆ ರವೆಯ ತರಿ ಆಕೆಯ ಎಡಗೆನ್ನೆಯೊಳಗೆ ಸೇರಿ, ಅಲ್ಲಿಂದ ಗಂಟಲಿಗೆ ಜಾರಿ, ಕೆಮ್ಮು ಹತ್ತಿತು. ಕಣ್ಣು ಮೇಲೆ ಸಿಕ್ಕಿಕೊಳ್ಳುವಂಥ ಕೆಮ್ಮು. ಅವನು ಆಕೆಯನ್ನು ಬಗ್ಗಿಸಿ ಬೆನ್ನು ಗುದ್ದಿದ; ಉಸಿರು ಸರಿಹೋದ ಮೇಲೆ ಆ ಹೋಳುಗಳನ್ನೆಲ್ಲ ಒಯ್ದು ಹಿತ್ತಲ ಬೆಕ್ಕಿಗೆ ಹಾಕಿ, ಬಚ್ಚಲ ಮರೆಯಲ್ಲಿ ನಿಂತುಕೊಂಡ. ಅವನು ಅತ್ತದ್ದನ್ನು ನಾನು ಕಂಡದ್ದು ಆ ಒಂದು ಸಲ.

ನಾನು ಹಳೆಯ ಪಾಕಪುಸ್ತಕವೊಂದನ್ನು ತಿರುವಿಹಾಕಿ, ಬ್ರೆಡ್ಡಿನ ಪುಡಿ ಮತ್ತು ಮೊಟ್ಟೆ ಎಂದು ಓದಿ ಹೇಳಿದೆ. ಅದನ್ನೂ ಮಾಡಿದ. ಬ್ರೆಡ್ಡಿನ ಪುಡಿ ಎಣ್ಣೆ ಕುಡಿದು ಸ್ಪಂಜಿನಂತಾಯಿತು. “ನಿನ್ ಪುಸ್ತಕದೋರು ಮೀನ್ ತಿಂದಿದ್ರೇನಪ್ಪ, ಲಾಯರಪ್ಪ?” ಎಂದು ಕೇಳಿದ. ಎಲ್ಲದಕ್ಕೂ ಎದುರು ಪ್ರಶ್ನೆ ಹಾಕುತ್ತೇನೆಂದು ಅವನು ನನಗಿಟ್ಟ ಹೆಸರದು.

ತಪಾಸಣೆಗೆ ಉಳಿದದ್ದು ಹತ್ತು ದಿನ. ಆ ದಿನಗಳಲ್ಲೊಂದು ಸಂಜೆ ನಾನು ಅವರ ಮನೆಯಲ್ಲಿ, ತಾಯಮ್ಮನ ಕುರ್ಚಿಯ ಪಕ್ಕ ಕುಳಿತು ಕಡ್ಲೆಪುರಿ, ಅದೇ ಮಂಡಕ್ಕಿ, ತಿನ್ನುತ್ತಿದ್ದೆ. ಕಾಗದದ ಪೊಟ್ಟಣ ಹರಿದು ಒಂದಷ್ಟು ಆಕೆಯ ಮಡಿಲಿಗೆ ಚೆಲ್ಲಿತು. ನಾನು ಬಳಿದುಕೊಳ್ಳುವ ಮೊದಲೇ ಆಕೆ ಬಲಗೈಯಿಂದ ಒಂದು ಪುರಿಯನ್ನು ಎತ್ತಿ ಬಾಯಿಗಿಟ್ಟುಕೊಂಡಳು. ಬಲದವಡೆಯಲ್ಲಿ ಅದು ಕರಂ ಎಂದಿತು. ಆಕೆ ಅಗಿಯುವುದನ್ನು ನಿಲ್ಲಿಸಿ, ಆ ಸದ್ದು ಎಲ್ಲಿಂದ ಬಂತೆಂದು ಕೇಳಿಸಿಕೊಳ್ಳುವವಳಂತೆ ತಲೆ ಓರೆ ಮಾಡಿದಳು. ಮತ್ತೊಂದು ಪುರಿ. ಮತ್ತೆ ಕರಂ.

“ಇನ್ನೊಸಿ ಕೊಡಣ್ಣಯ್ಯ” ಎಂದಳು.

ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೊಂಬಾಳಯ್ಯ ನನ್ನ ಕೈಯಿಂದ ಪೊಟ್ಟಣವನ್ನು ಕಿತ್ತುಕೊಂಡ. ಒಂದು ಪುರಿಯನ್ನು ತನ್ನ ನಾಲಿಗೆಯ ಮೇಲಿಟ್ಟು, ಅದು ತಾನಾಗಿ ಕರಗುವವರೆಗೆ ಕಾದ. ಆಮೇಲೆ ಒಳಗೆ ಹೋದವನು ಮಿಕ್ಕ ಪುರಿಯನ್ನೆಲ್ಲ ಬಟ್ಟೆಯಲ್ಲಿ ಗಂಟು ಕಟ್ಟಿ ಲಟ್ಟಣಿಗೆಯಿಂದ ಅರೆಯತೊಡಗಿದ. ಹೋಟೆಲಿನ ಭಟ್ಟನಾಗಲಿ ಮೊಬೈಲಾಗಲಿ ಈ ಕಥೆಯೊಳಗೆ ಬರಲು ಎಲ್ಲಿಯೂ ಸಂದಿಲ್ಲ. ಪುರಿ ನನ್ನದು, ನಾನು ಇನ್ನೂ ಅರ್ಧವನ್ನೂ ತಿಂದಿರಲಿಲ್ಲ.

ಆದರೆ ಅಂದೂ ಕೆಟ್ಟಿತು. ಮೀನನ್ನು ಉಪ್ಪು, ಮೆಣಸಿನಪುಡಿ, ಬೆಳ್ಳುಳ್ಳಿಯಲ್ಲಿ ನೆನೆಸಿ, ತೆಳ್ಳನೆಯ ಅಕ್ಕಿಹಿಟ್ಟಿನ ಸರಿಯಲ್ಲಿ ಅದ್ದಿ, ಪುರಿಯ ಪುಡಿಯನ್ನು ಒತ್ತಿ ಅಂಟಿಸಿ, ಕಾವಲಿಗೆ ಹಾಕಿದ. ಮರುಕ್ಷಣವೇ ಮಗುಚಿದ. ಪುರಿಯೆಲ್ಲ ಕಾವಲಿಗೆ ಅಂಟಿ, ಮೀನು ಬೆತ್ತಲೆಯಾಗಿ ಮೇಲೆ ಬಂತು. ಎರಡನೆಯ ಹೋಳೂ ಹಾಗೆಯೇ ಆಯಿತು. ಮೂರನೆಯದನ್ನು ಮಗುಚಲು ಹೋದವನು ತಡೆದು, ತನ್ನ ಕೈಯನ್ನೇ ನೋಡಿಕೊಂಡು, ಜೋರಾಗಿ ತನ್ನನ್ನೇ ಬಯ್ದುಕೊಂಡ.

“ಥೂ ನನ್ ಮಗ್ನೆ! ಬೇಯ್ದೆ ಇರೋ ಗೂಡಿಂದ ಎಳೆ ಎಳೀತಾವ್ನಲ್ಲ!”

ನನಗೆ ಅರ್ಥವಾಗಲಿಲ್ಲ. ಅವನು ಸೌಟನ್ನು ಕೆಳಗಿಟ್ಟು ವಿವರಿಸಿದ. ಹಸಿ ಗೂಡಿನಿಂದ ಎಳೆಯನ್ನು ಎಳೆದರೆ ತುಂಡಾಗುತ್ತದೆ. ಅತಿಯಾಗಿ ಬೆಂದರೆ ಮುದ್ದೆಯಾಗುತ್ತದೆ. ಸರಿಯಾಗಿ ಬೆಂದ ಗೂಡು ತಾನಾಗಿಯೇ ಎಳೆಯನ್ನು ಬಿಟ್ಟುಕೊಡುತ್ತದೆ. “ನಾವು ಎಳ್ಯೋದಲ್ಲ ಕಣಪ್ಪ, ಅದು ಬುಡೋದು. ಇಸ್ಟ್ ವರ್ಸ ಅದೇ ಕೆಲ್ಸ ಮಾಡಿ, ಮೀನಿನ್ ಮುಂದೆ ಮರ್ತ್ಬುಟ್ಟೆ.” ಉರಿಯನ್ನು ತಗ್ಗಿಸಿ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತ. ಸ್ವಲ್ಪ ಹೊತ್ತಿನ ಮೇಲೆ ಕಾವಲಿಯನ್ನು ಹಿಡಿದು ಮೆಲ್ಲಗೆ ಅಲುಗಿಸಿದ. ಹೋಳು ತಾನಾಗಿ ಜಾರಿತು. ಮಗುಚಿದರೆ, ಕೆಳಗೆ ಹೊಂಬಣ್ಣದ ಗಟ್ಟಿ ಹೊದಿಕೆ, ಒಂದು ಪುರಿಯ ಚೂರೂ ಕದಲಿರಲಿಲ್ಲ.

ತಾಯಮ್ಮ ಮೊದಲ ತುತ್ತನ್ನು ಬಲದವಡೆಯಲ್ಲಿ ಕಚ್ಚಿದಳು. ಸದ್ದು ನನ್ನವರೆಗೂ ಕೇಳಿಸಿತು. ಒಳಗೆ ಬೆಣ್ಣೆಯಂತೆ ಮೆತ್ತಗಿನ ಮೀನು, ಹೊರಗೆ ಕರಗಿಹೋಗುವ ಪುರಿ. ಆಕೆ ಇಡೀ ಹೋಳನ್ನು ಮುಗಿಸಿ, ಗಂಡನತ್ತ ತಿರುಗಿ ಒಂದೇ ಮಾತು ಹೇಳಿದಳು: “ಉಪ್ಪು ಕಮ್ಮಿ.” ಹೊಂಬಾಳಯ್ಯ ಪದಕ ಪಡೆದವನಂತೆ ಅಡಿಗೆಮನೆಗೆ ಓಡಿ ಉಪ್ಪಿನ ಡಬ್ಬಿಯನ್ನೇ ಎತ್ತಿಕೊಂಡು ಬಂದ.

ತಪಾಸಣೆ ಕಳೆದ ಮೇಲೆ ಮತ್ತೊಂದು ವಿಘ್ನ ಬಂತು. ಕೆರೆಯ ಮೀನಿನ ಕೆಸರುವಾಸನೆ ಹೋಗಲೆಂದು ಹೊಂಬಾಳಯ್ಯ ಹೋಳುಗಳನ್ನು ಮೊಸರಿನಲ್ಲಿ ನೆನೆಸತೊಡಗಿದ್ದ. ಅಕ್ಕನನ್ನು ನೋಡಲು ಮರಳವಾಡಿಯಿಂದ ಬಂದ ತಾಯಮ್ಮನ ತಂಗಿ ದೇವೀರಮ್ಮ ಪಾತ್ರೆಯ ಮುಚ್ಚಳ ತೆಗೆದವಳೇ ಕೂಗಿಕೊಂಡಳು.

“ಅಯ್ಯಯ್ಯೋ, ಮೀನ್ಗೆ ಮೊಸ್ರಾ? ಏನ್ ಭಾವ, ಲಕ್ವ ಸಾಲ್ದು ಅಂತ ನಮ್ಮಕ್ಕಂಗೆ ತೊನ್ನೂ ಅಂಟಿಸ್ತೀಯಾ?”

ಮೀನು ಮತ್ತು ಮೊಸರು ಒಟ್ಟಿಗೆ ಸೇರಿದರೆ ತೊನ್ನು ಬರುತ್ತದೆಂಬುದು ನಮ್ಮ ಸೀಮೆಯಲ್ಲಿ ಯಾರೂ ಪ್ರಶ್ನಿಸದ ಮಾತು. ಹೊಂಬಾಳಯ್ಯನ ಮುಖ ಕಪ್ಪಿಟ್ಟಿತು. ಪಾತ್ರೆಯನ್ನು ಚೆಲ್ಲಲು ಎತ್ತಿಯೂಬಿಟ್ಟ. ನಾನು ತಡೆದೆ. ಹಾಗೆ ತೊನ್ನು ಬಂದವರೊಬ್ಬರ ಹೆಸರು ಹೇಳಿರೆಂದು ದೇವೀರಮ್ಮನನ್ನು ಕೇಳಿದೆ. “ಇದ್ದಾರೆ, ಕನಕಪುರದಾಗೆ ಇದ್ದಾರೆ” ಎಂದಳು. ಕನಕಪುರದಲ್ಲಿ ಯಾರು, ಯಾವ ಬೀದಿ? ಅದು ತಿಳಿಯದು, ಅವಳಿಗೆ ಹೇಳಿದವರಿಗೆ ತಿಳಿದಿತ್ತಂತೆ. ಕೊನೆಗೆ ನಾನೇ ಎರಡು ವಾರ, ಶನಿವಾರವೊಂದನ್ನು ಬಿಟ್ಟು, ದಿನವೂ ಅವರ ಮನೆಯ ಜಗಲಿಯಲ್ಲಿ ಕುಳಿತು, ಮೀನಿನ ಜೊತೆ ಮೊಸರನ್ನ ಉಂಡೆ. ದೇವೀರಮ್ಮ ದಿನವೂ ಬೆಳಿಗ್ಗೆ ನನ್ನ ತೋಳನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದಳು. ಹದಿನೈದನೆಯ ದಿನ, “ಇವ್ರದ್ದು ಗಟ್ಟಿ ಚರ್ಮ ಬುಡು ಭಾವ, ಇವ್ರ ಲೆಕ್ಕ ಬ್ಯಾರೆ” ಎಂದು ಊರಿಗೆ ಹೊರಟುಹೋದಳು. ಹೊಂಬಾಳಯ್ಯ ಮೊಸರಿನಲ್ಲೇ ನೆನೆಸಿದ. ಆದರೂ ಗುಟ್ಟಾಗಿ ನನ್ನ ತೋಳನ್ನು ಅವನೂ ಆಗಾಗ ನೋಡುತ್ತಿದ್ದುದನ್ನು ನಾನು ಬಲ್ಲೆ.

ನಳಿಗೆಯ ಮಾತು ಮತ್ತೆ ಬರಲಿಲ್ಲ. ಹಿಂದೆ ಆ ತಪಾಸಣೆಗೆ ಹೋದಾಗ ವೈದ್ಯರು ಏನು ತಿನ್ನಿಸುತ್ತಿದ್ದೀರೆಂದು ಕೇಳಿದರಂತೆ. ಅವನು “ಗಂಜಿ ಸ್ವಾಮಿ” ಎಂದು ಸುಳ್ಳು ಹೇಳಿ ಬಂದ. ಮೀನು ಹೊಟ್ಟೆಯ ಬಾಗಿಲು ತೆರೆಯಿತು. ಅದರ ಹಿಂದೆ ಮುದ್ದೆ, ಸೊಪ್ಪಿನ ಸಾರು, ಅನ್ನ ಎಲ್ಲವೂ ಒಳಗೆ ಹೋದವು. ಎರಡು ವರ್ಷ, ವಾರಕ್ಕೆ ಎರಡು ಬಾರಿಯಾದರೂ ಆ ಮನೆಯಲ್ಲಿ ಪುರಿಮೀನು. ಅಷ್ಟು ದಿನಗಳಲ್ಲಿ ಒಂದೇ ಒಂದು ಮುಳ್ಳು ಆಕೆಯ ಬಾಯಿಗೆ ಹೋಗಲಿಲ್ಲ. ಊಟವಾದ ಮೇಲೆ ಎಡಗೆನ್ನೆಯನ್ನು ಬೆರಳಿನಿಂದ ಶುಚಿ ಮಾಡುವುದನ್ನೂ ಅವನು ಒಂದು ದಿನವೂ ತಪ್ಪಿಸಲಿಲ್ಲ. “ನಾನೇ ಬಾಯಿ ಮುಕ್ಕಳಿಸ್ಕೊತೀನಿ, ಬುಡಿ” ಎಂದು ಆಕೆ ನಾಚಿಕೊಂಡರೆ, “ನಿಂಗ್ ಗೊತ್ತಾಗಾಕಿಲ್ಲ ಕಣಮ್ಮಿ, ಆ ಕಡೆ ನಂದು” ಎನ್ನುತ್ತಿದ್ದ.

ಕಳೆದ ವರ್ಷ ಒಂದು ಶನಿವಾರ ಕೆಂಗಲ್ಲಿಗೆ ಹೋಗಿ ಬಂದು, ಮಧ್ಯಾಹ್ನ ಉಂಡು, ಚಾಪೆಯ ಮೇಲೆ ಒರಗಿದವನು ಏಳಲಿಲ್ಲ. ಹಿಂದಿನ ದಿನವಷ್ಟೇ ನನ್ನೊಡನೆ ಕುಳಿತು, ಭಾನುವಾರಕ್ಕೆ ದೊಡ್ಡ ಮೀನು ತರಬೇಕೆಂದು ಹೇಳಿದ್ದ. ಅದೇ ನಮ್ಮ ಕೊನೆಯ ಮಾತು; ಅದರಲ್ಲಿ ವಿಶೇಷವೇನೂ ಇರಲಿಲ್ಲ.

ತಿಥಿ ಕಳೆದ ಮೇಲೆ ದೇವೀರಮ್ಮ ಅಕ್ಕನ ಜೊತೆಗೇ ಉಳಿದಳು. ತಾಯಮ್ಮ ಮತ್ತೆ ಬಾಯಿ ಮುಚ್ಚಿಕೊಂಡಳು. ಅತ್ತು ಕರೆದು ಮಾಡಲಿಲ್ಲ. ತಟ್ಟೆ ಮುಂದಿಟ್ಟರೆ ಸುಮ್ಮನೆ ಅದನ್ನು ಪಕ್ಕಕ್ಕೆ ಸರಿಸುತ್ತಿದ್ದಳು. ಬಳೆಯಿಲ್ಲದ ಕೈ ಮತ್ತೆ ಸೊರಗತೊಡಗಿತು. “ಮುಳ್ ತೆಗ್ಯೋಕೆ ನಂಗ್ ಬರಾಕಿಲ್ಲ. ಏನಾರ ಆದ್ರೆ ಯಾರ್ ಒಣೆ?” ಎಂದು ದೇವೀರಮ್ಮ ಮೀನಿನ ಮಾತೇ ಎತ್ತಲಿಲ್ಲ. ಅವಳ ಭಯ ನ್ಯಾಯವಾದದ್ದು. ನನಗೂ ಅದೇ ಭಯವಿತ್ತು. ಆದರೆ ಒಂದು ಬುಧವಾರ ನಾನು ಕಣ್ವಕ್ಕೆ ಹೋಗಿ ಒಂದು ಕಾಟ್ಲಾ ತಂದೆ.

ಕಣ್ಣು ಮುಚ್ಚಿ ನೋಡಿದೆ. ನನ್ನ ಬೆರಳಿಗೆ ಏನೂ ತಿಳಿಯಲಿಲ್ಲ. ಕನ್ನಡಕ ಹಾಕಿಕೊಂಡು, ಟಾರ್ಚಿನ ಬೆಳಕಿನಲ್ಲಿ, ಒಂದೊಂದು ಬೆರಳಗಲವನ್ನೂ ಹರಡಿ ನೋಡುತ್ತ, ಬೆಳಗಿನಿಂದ ಮಧ್ಯಾಹ್ನದವರೆಗೆ ಎರಡು ಹೋಳು ಮುಗಿಸಿದೆ. ಮಾಂಸ ಚಿಂದಿಯಂತಾಯಿತು. ಪುರಿಯ ಹೊದಿಕೆಯೂ ಅಲ್ಲಲ್ಲಿ ಬಿಟ್ಟಿತು. ಮುಳ್ಳು ಉಳಿದಿಲ್ಲವೆಂದು ಮೂರು ಸಲ ಪರೀಕ್ಷಿಸಿ ಆಕೆಯ ಮುಂದಿಟ್ಟೆ. ದೇವೀರಮ್ಮ ನೀರಿನ ಚೊಂಬು ಹಿಡಿದು ಪಕ್ಕದಲ್ಲೇ ನಿಂತಳು.

ತಾಯಮ್ಮ ತಟ್ಟೆಯನ್ನು ನೋಡಿದಳು. “ನೀವು ಮಾಡಿದ್ರಾ ಅಣ್ಣಯ್ಯ?” ಎಂದು ಕೇಳಿ, ಬಹುಶಃ ನನ್ನ ಮುಖ ನೋಡಲಾರದೆ, ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡಳು. ಎರಡನೆಯ ಚೂರು. ಮೂರನೆಯದರಲ್ಲಿ ಅಗಿಯುವುದು ನಿಂತಿತು. ಆಕೆಯ ಕಣ್ಣುಗಳು ಅಗಲವಾದವು.

“ಅಯ್ಯೋ, ಸಿಕ್ಕಾಕ್ಕೊಂತು!” ಎಂದು ದೇವೀರಮ್ಮ ಮುಂದೆ ಬಂದಳು. ನಾನು ಎದ್ದು ನಿಂತೆ. ತಾಯಮ್ಮ ಬಲಗೈಯೆತ್ತಿ ನಮ್ಮಿಬ್ಬರನ್ನೂ ತಡೆದಳು. ನಾಲಿಗೆಯನ್ನು ಒಳಗೊಳಗೇ ಆಡಿಸಿ, ಎರಡು ಬೆರಳನ್ನು ಬಾಯಿಗೆ ಹಾಕಿ, ಎಡಗೆನ್ನೆಯ ಒಳಗಿಂದ ಕವೆಯ ಆಕಾರದ ಒಂದು ಮುಳ್ಳನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡಳು.

“ತಪ್ಪಾಯ್ತಮ್ಮ” ಎಂದೆ.

ಆಕೆ ಕೇಳಿಸಿಕೊಳ್ಳಲಿಲ್ಲ. ತನ್ನ ಎಡಗೆನ್ನೆಯನ್ನು ಹೊರಗಿಂದ ಒತ್ತಿ ನೋಡಿಕೊಂಡಳು, ಮತ್ತೊಮ್ಮೆ ಒತ್ತಿದಳು.

“ಚುಚ್ತು ಅಣ್ಣಯ್ಯ. ಈ ಕಡೆ. ಎಡಗಡೆ ಚುಚ್ತು.”

ಆ ಬದಿ ಯಾವಾಗ ಮರಳಿ ಜೀವ ತಳೆಯಿತೋ ಯಾರಿಗೂ ಗೊತ್ತಿಲ್ಲ. ಮೊದಲ ದಿನ ಆಸ್ಪತ್ರೆಯವರು ಹೇಳಿದ್ದನ್ನು ಅವನೂ ನಂಬಿದ, ಆಕೆಯೂ ನಂಬಿದಳು. ಮೊಸರಿಗೆ ಎರಡು ವಾರ ಹಠ ಹಿಡಿದ ನಾನೂ ಇದನ್ನು ಪರೀಕ್ಷಿಸಬೇಕೆಂದು ಯೋಚಿಸಲಿಲ್ಲ. ಅವನ ಬೆರಳುಗಳು ಒಂದು ಮುಳ್ಳನ್ನೂ ಉಳಿಸಿರಲಿಲ್ಲ; ಚುಚ್ಚಿ ತಿಳಿಸುವಂಥದ್ದು ಆ ಬಾಯಿಗೆ ಹೋಗಿರಲೇ ಇಲ್ಲ.

“ಅವ್ರಿಗೆ ಇದ್ನ ಏಳ್ಬೇಕಿತ್ತು” ಎಂದಳು ತಾಯಮ್ಮ. ಅಷ್ಟು ದಿನ ಬಾರದಿದ್ದ ಕಣ್ಣೀರು ಎರಡೂ ಕೆನ್ನೆಯ ಮೇಲೆ ಇಳಿಯಿತು. ದೇವೀರಮ್ಮ ತಟ್ಟೆಯನ್ನು ತೆಗೆಯಲು ಬಗ್ಗಿದಳು. ಆಕೆ ಬಿಡಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, ಇನ್ನೊಂದು ಚೂರು ಮುರಿದು, ನಾಲಿಗೆಯಿಂದ ಅದನ್ನು ಮೆಲ್ಲಗೆ ಎಡಗಡೆಗೆ ತಳ್ಳಿಕೊಂಡು ಅಗಿಯತೊಡಗಿದಳು.